ಹೆಣದ ಕೆಲಸ ಮಾಡುವವರನ್ನು ಕಥೆ, ಸಿನಿಮಾಗಳು ಯಾಕೆ ಯಾವಾಗಲೂ ಭಯಾನಕವಾಗಿ ತೋರಿಸುತ್ತವೆ?

ಬಣ್ಣದಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಒಂದು ಕಿರುಚಿತ್ರ ಬರೆಯುತ್ತಿದ್ದೇನೆ. ಅದರಲ್ಲಿ ವಿದ್ಯುತ್ ಚಿತಾಗಾರದ ಕೆಲಸಗಾರನ ಪಾತ್ರ ಇದೆ. ನಾನು ಬರೆದಿದ್ದು ಒಬ್ಬ ಮಾಮೂಲಿ ಮನುಷ್ಯನನ್ನು. ಮಗಳ ಕಾಲೇಜು ಫೀಸಿನ ಚಿಂತೆ, ಸೊಂಟನೋವು, ಕ್ರಿಕೆಟ್ ಹುಚ್ಚು ಇರುವವನು. ಆದರೆ ಪಾತ್ರ ಓದಲು ಬಂದ ಕಲಾವಿದರೆಲ್ಲ ನಾನು ಹೇಳದೇ ಇದ್ದರೂ ಒಂದೇ ರೂಪ ಕೊಟ್ಟರು. ಕೆಂಪು ಕಣ್ಣು, ಗೊಗ್ಗರು ದನಿ, ತುಟಿಯಲ್ಲಿ ಬೀಡಿ, ಕಾರಣವೇ ಇಲ್ಲದ ನಗು. ಇದನ್ನು ಯಾರೂ ಅವರಿಗೆ ಕಲಿಸಿಲ್ಲ. ಎಲ್ಲೋ ನೋಡಿ ನೋಡಿ ಒಳಗೆ ಕೂತುಬಿಟ್ಟಿದೆ.

ಹೊರದೇಶದ ಸಿನಿಮಾಗಳಲ್ಲೂ ಇದೇ ಕಥೆ. ಅಲ್ಲಿ ಶವಸಂಸ್ಕಾರದ ಅಂಗಡಿ ನಡೆಸುವವನು ಉದ್ದಕ್ಕೆ, ಬಿಳಿಚಿಕೊಂಡು, ಕಪ್ಪು ಕೋಟು ಹಾಕಿ, ಪಿಸುಗುಡುತ್ತಾ ಇರುತ್ತಾನೆ. ನಮ್ಮಲ್ಲಿ ಕುಡುಕ, ಅರೆಹುಚ್ಚ.

ಈ ಚಿತ್ರ ಎಲ್ಲಿಂದ ಬಂತು? ಇವರನ್ನು ಮನುಷ್ಯರ ಹಾಗೆ ತೋರಿಸಿದ ಕೃತಿ ಯಾವುದು ನೋಡಿದ್ದೀರಿ, ಓದಿದ್ದೀರಿ? ಗಂಭೀರವಾಗಿ ಕೇಳುತ್ತಿದ್ದೇನೆ.


ಹಳೆಪುಸ್ತಕ:

ಒಳ್ಳೆ ಪ್ರಶ್ನೆ. ಈ ಜಗಳ ಹಳೆಯದು. 1830ರಲ್ಲೇ ರಷ್ಯಾದ ಲೇಖಕ ಪುಷ್ಕಿನ್ ಇದನ್ನು ಎತ್ತಿದ್ದ. ಅವನ ಒಂದು ಸಣ್ಣಕಥೆಯ ನಾಯಕ ಮಾಸ್ಕೋದ ಶವಪೆಟ್ಟಿಗೆ ಮಾಡುವವನು, ಹೆಸರು ಆದ್ರಿಯಾನ್ ಪ್ರೊಖೊರೊವ್. ಕಥೆಯ ಶುರುವಿನಲ್ಲೇ ನಿರೂಪಕ ಒಂದು ಮಾತು ಹೇಳುತ್ತಾನೆ. ಶೇಕ್ಸ್‌ಪಿಯರ್, ವಾಲ್ಟರ್ ಸ್ಕಾಟ್ ಇಬ್ಬರೂ ಗುಂಡಿ ತೋಡುವವರನ್ನು ತಮಾಷೆಯ ಜನ ಅಂತ ತೋರಿಸಿದ್ದಾರೆ, ಆದರೆ ಸತ್ಯಕ್ಕೆ ಮರ್ಯಾದೆ ಕೊಡಬೇಕಾದ್ದರಿಂದ ನಾನು ಹಾಗೆ ಬರೆಯಲಾರೆ, ನಮ್ಮವನು ತನ್ನ ಕಸುಬಿಗೆ ತಕ್ಕ ಹಾಗೆ ಮಂಕಾಗಿಯೇ ಇದ್ದ, ಅಂತ. ಅಂದರೆ ಅದಕ್ಕೂ ಮೊದಲು ಕಥೆಗಳಲ್ಲಿ ಇವರು ಹೆದರಿಸುವವರಾಗಿರಲಿಲ್ಲ, ನಗಿಸುವವರಾಗಿದ್ದರು. ಹ್ಯಾಮ್ಲೆಟ್ ನಾಟಕದ ಗೋರಿ ತೋಡುವವನನ್ನು ನೆನಪಿಸಿಕೊಳ್ಳಿ. ಹಾಡು ಹೇಳಿಕೊಂಡು, ರಾಜಕುಮಾರನ ಜೊತೆ ಮಾತಿಗೆ ಮಾತು ಕೊಡುತ್ತಾ ಗುಂಡಿ ತೋಡುತ್ತಾನೆ.

ಪುಷ್ಕಿನ್ ಕಥೆಯಲ್ಲಿ ಪಕ್ಕದ ಮನೆಯ ಔತಣದಲ್ಲಿ ಎಲ್ಲರೂ ತಮ್ಮ ತಮ್ಮ ಗಿರಾಕಿಗಳ ಹೆಸರಲ್ಲಿ ಕುಡಿಯುತ್ತಾರೆ. ಒಬ್ಬ ಇವನಿಗೆ, ನೀನೂ ನಿನ್ನ ಸತ್ತವರ ಆರೋಗ್ಯಕ್ಕೆ ಕುಡಿ ಅಂತಾನೆ. ಎಲ್ಲರೂ ನಗುತ್ತಾರೆ. ಇವನಿಗೆ ಅವಮಾನ ಆಗುತ್ತದೆ. ನನ್ನ ಕಸುಬು ಬೇರೆಯವರದಕ್ಕಿಂತ ಯಾವುದರಲ್ಲಿ ಕಡಿಮೆ ಅಂತ ಸಿಟ್ಟಾಗಿ, ಸತ್ತ ಗಿರಾಕಿಗಳನ್ನೇ ಮನೆಗೆ ಕರೆಯುತ್ತೇನೆ ಅಂತಾನೆ. ಅವರು ಬರುತ್ತಾರೆ! ಅದರಲ್ಲಿ ಒಂದು ಅಸ್ಥಿಪಂಜರ, 1799ರಲ್ಲಿ ನಿನ್ನ ಮೊದಲ ಪೆಟ್ಟಿಗೆ ನನಗೆ ಮಾರಿದ್ದೆ, ಓಕ್ ಮರದ್ದು ಅಂತ ಹೇಳಿ ಪೈನ್ ಮರದ್ದು ಕೊಟ್ಟಿದ್ದೆ ಅಂತ ನೆನಪಿಸುತ್ತದೆ. ಕೊನೆಗೆ ಎಲ್ಲ ಕನಸು. ಇಲ್ಲಿ ಭಯ ಹುಟ್ಟಿಸುವುದು ಅವನಲ್ಲ. ಅವನೇ ಹೆದರುವವನು. ಹೆದರಿಕೆಗೆ ಕಾರಣ ಅವನ ಮೋಸ.

ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಎರಡು ಥರದವರನ್ನೂ ಬರೆದ, ದಿಗಿಲು ಹುಟ್ಟಿಸುವವನನ್ನೂ ಮಾಮೂಲಿ ಮನುಷ್ಯನನ್ನೂ. 1837ರಿಂದ ಕಂತುಗಳಲ್ಲಿ ಬಂದ ಆಲಿವರ್ ಟ್ವಿಸ್ಟ್‌ನಲ್ಲಿ ಸೋವರ್‌ಬೆರಿ ಅಂತ ಒಬ್ಬ ಶವಸಂಸ್ಕಾರದವನು ಬರುತ್ತಾನೆ. ಅವನ ನಶ್ಯದ ಡಬ್ಬಿಯೂ ಪುಟ್ಟ ಶವಪೆಟ್ಟಿಗೆಯ ಆಕಾರದ್ದು. ಕೆಲಸಕ್ಕೆ ಬಂದ ಹುಡುಗ ಆಲಿವರ್‌ನ ಮುಖ ದುಃಖದಿಂದ ತುಂಬಿದೆ ಅಂತ ಮಕ್ಕಳ ಶವಯಾತ್ರೆಯಲ್ಲಿ ಅವನನ್ನು ಮುಂದೆ ನಡೆಸುತ್ತಾನೆ. ರಾತ್ರಿ ಪೆಟ್ಟಿಗೆಗಳ ನಡುವೆ ಮಲಗಿಸುತ್ತಾರೆ. ನಮ್ಮ ಮನಸ್ಸಲ್ಲಿ ಉಳಿದಿದ್ದು ಈ ಮನುಷ್ಯನೇ. ಆದರೆ ಡೇವಿಡ್ ಕಾಪರ್‌ಫೀಲ್ಡ್‌ನಲ್ಲಿ ಓಮರ್ ಅಂತ ಇನ್ನೊಬ್ಬ ಇದ್ದಾನೆ. ಬಟ್ಟೆ ಅಂಗಡಿ, ದರ್ಜಿ ಕೆಲಸ, ಜೊತೆಗೆ ಶವಸಂಸ್ಕಾರದ ಸಾಮಾನು. ಬಹಳ ಒಳ್ಳೆಯ ಮನುಷ್ಯ. ಅವನ ಒಂದು ಸಂಕಟ ಕೇಳಿ. ಊರಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಹೇಗಿದ್ದಾರೆ ಅಂತ ವಿಚಾರಿಸಲು ಅವನಿಗೆ ಆಗುವುದಿಲ್ಲ. ಅವನು ಕೇಳಿದರೆ ಜನ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ಒಬ್ಬ ಸ್ನೇಹಿತನ ಆರೋಗ್ಯ ವಿಚಾರಿಸುವ ಸ್ವಾತಂತ್ರ್ಯವೂ ಕಸುಬಿನಿಂದಾಗಿ ಹೋಗಿರುತ್ತದೆ. ಈ ಒಂದು ಸಾಲಿನಲ್ಲಿ ಇಡೀ ಬದುಕಿದೆ ಅನಿಸುತ್ತದೆ ನನಗೆ. ಆದರೆ ಓಮರ್‌ನನ್ನು ಯಾರೂ ನೆನಪಿಟ್ಟುಕೊಂಡಿಲ್ಲ.


ಟಾಕೀಸ್_ತುಮಕೂರು:

ನಮ್ಮ ತಲೆಮಾರಿಗೆ ಈ ಚಿತ್ರ ಬಂದಿದ್ದು ಪುಸ್ತಕದಿಂದ ಅಲ್ಲ, ಟಿವಿಯ ಕುಸ್ತಿ ಶೋ ಡಬ್ಲ್ಯೂಡಬ್ಲ್ಯೂಇಯಿಂದ. 1990ರಲ್ಲಿ ಬಂದ ಅಂಡರ್‌ಟೇಕರ್. ಕಪ್ಪು ಟೋಪಿ, ಉದ್ದ ಕೋಟು, ಗಂಟೆ ಸದ್ದು, ಲೈಟ್ ಆಫ್. ಕಣ್ಣು ಮೇಲೆ ಹೊರಳಿಸಿ ಬಿಳಿ ತೋರಿಸುವುದನ್ನು ಶಾಲೆಯಲ್ಲಿ ಅಭ್ಯಾಸ ಮಾಡದ ಹುಡುಗ ಇರಲಿಲ್ಲ. ಆ ಹೆಸರಿನದು ಒಂದು ನಿಜವಾದ ಕಸುಬು ಅಂತ ನಮಗೆ ಗೊತ್ತಿರಲಿಲ್ಲ. ಭೂತಕ್ಕೆ ಇಂಗ್ಲಿಷಿನಲ್ಲಿ ಹಾಗೆ ಅಂತಾರೆ ಅಂದುಕೊಂಡಿದ್ದೆವು.

ಅವನ ಜೊತೆ ಬೂದಿಯ ಕಲಶ ಹಿಡಿದು ಕೀರಲು ದನಿಯಲ್ಲಿ ಕೂಗುತ್ತಿದ್ದ ಮ್ಯಾನೇಜರ್ ಪಾಲ್ ಬೇರರ್ ನೆನಪಿದೆಯಾ? ಆ ಪಾತ್ರ ಮಾಡಿದ ವಿಲಿಯಂ ಮೂಡಿ ನಿಜ ಜೀವನದಲ್ಲಿ ಓದಿ, ಪರವಾನಗಿ ಪಡೆದಿದ್ದ ಶವಸಂಸ್ಕಾರದ ಕೆಲಸಗಾರ. ಹೆಣಕ್ಕೆ ಔಷಧಿ ಹಾಕಿ, ಬಟ್ಟೆ ತೊಡಿಸಿ, ಮನೆಯವರ ಎದುರು ಮೆಲ್ಲಗೆ ಮಾತಾಡುವ ಕೆಲಸ ಬಲ್ಲವನು. ಅವನಿಗೇ ಆ ಕೆಲಸವನ್ನು ಅಷ್ಟು ವಿಕಾರ ಮಾಡಿ ತೋರಿಸಬೇಕಾಯಿತು. ಇದು ನನಗೆ ತುಂಬಾ ಕಾಡುತ್ತದೆ.

ಸಿನಿಮಾದಲ್ಲಿ ಇದರ ಪರಾಕಾಷ್ಠೆ 1979ರ ಫ್ಯಾಂಟಸಂ. ಅದರಲ್ಲಿ ಶವಸಂಸ್ಕಾರದ ಕೆಲಸದ ಎತ್ತರದ ಮನುಷ್ಯ ಒಬ್ಬನೇ ತುಂಬಿದ ಶವಪೆಟ್ಟಿಗೆ ಎತ್ತಿ ಗಾಡಿಗೆ ಇಡುತ್ತಾನೆ. ಹೆಣಗಳನ್ನು ಕದ್ದು ಕುಬ್ಜ ಗುಲಾಮರನ್ನು ಮಾಡುತ್ತಾನೆ. ಆಮೇಲೆ ಬಂದ ಎಷ್ಟೋ ಪಾತ್ರ ಇವನದೇ ನೆರಳು.

ಒಳ್ಳೆಯ ಉದಾಹರಣೆ ಕೇಳಿದಿರಿ. 1972ರ ಗಾಡ್‌ಫಾದರ್ ಶುರುವಾಗುವುದೇ ಒಬ್ಬ ಶವಸಂಸ್ಕಾರದವನ ಮುಖದಿಂದ, ಬೊನಸೆರಾ. ಮಗಳಿಗೆ ಆದ ಅನ್ಯಾಯಕ್ಕೆ ನ್ಯಾಯ ಕೇಳಲು ಬಂದಿರುತ್ತಾನೆ. ಡಾನ್, ಮುಂದೆ ಯಾವತ್ತಾದರೂ ಒಂದು ಉಪಕಾರ ಕೇಳಬಹುದು ಅಂತಾನೆ. ಆ ದಿನ ಬಂದಾಗ ಅವನು ಎಲ್ಲಿ ಕೊಲೆಯಲ್ಲಿ ಪಾಲುಗೊಳ್ಳಬೇಕಾಗುತ್ತೋ ಅಂತ ನಾವು ಹೆದರುತ್ತೇವೆ. ಡಾನ್ ಕೇಳುವುದು ಏನು? ಗುಂಡೇಟಿನಿಂದ ಛಿದ್ರವಾದ ಮಗನ ದೇಹವನ್ನು ತಾಯಿ ನೋಡುವ ಹಾಗೆ ಸರಿಮಾಡಿಕೊಡು ಅಂತ. ಅಷ್ಟು ದೊಡ್ಡ ಡಾನ್‌ಗೆ ಕೊನೆಗೆ ಬೇಕಾಗಿದ್ದು ಈ ಕೈಯ ಕೆಲಸ.


ಕಗ್ಗತ್ತಲು:

ನಾನು ಹಾರರ್ ಪ್ರೇಮಿ. ಸ್ವಲ್ಪ ಎದುರು ಮಾತು ಆಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಾರರ್ ಯಾರನ್ನು ಬಿಟ್ಟಿದೆ? ಡಾಕ್ಟರು, ಪಾದ್ರಿ, ಜೋಕರ್, ಮಕ್ಕಳ ಬೊಂಬೆ, ಅಜ್ಜಿ, ಎಲ್ಲರೂ ಭಯಾನಕ ಆಗಿದ್ದಾರೆ. ಸಾವು ಅಂದರೆ ಎಲ್ಲರಿಗೂ ಭಯ. ಆ ಭಯಕ್ಕೆ ಒಂದು ಮುಖ ಬೇಕು. ದಿನಾ ಹೆಣ ಮುಟ್ಟಿಯೂ ಹೆದರದವನನ್ನು ನೋಡಿದರೆ ನಮಗೆ ದಿಗಿಲಾಗುತ್ತದೆ, ಇದು ಸಹಜ. ಎಲ್ಲ ಪಾತ್ರವನ್ನೂ ಒಳ್ಳೆಯವರನ್ನಾಗಿ ಮಾಡಿದರೆ ಕಥೆಯಲ್ಲಿ ಏನು ಉಳಿಯುತ್ತದೆ?


ಹೊಂಗೆನೆರಳು:

ಕಗ್ಗತ್ತಲು ಅವರೇ, ಭಯ ಸಹಜ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಜೋಕರ್ ಪಾತ್ರ ನೋಡಿ ಹೆದರಿದ ಪ್ರೇಕ್ಷಕ ಸರ್ಕಸ್‌ನವನಿಗೆ ಮನೆ ಬಾಡಿಗೆ ಕೊಡಲ್ಲ ಅನ್ನಲ್ಲ. ನಮ್ಮಲ್ಲಿ ಸುಡುಗಾಡಿನ ಕೆಲಸ ಮಾಡುವವರಿಗೆ ಮನೆ ಸಿಗುವುದಿಲ್ಲ. ಇಲ್ಲಿ ಭಯದ ಜೊತೆ ಜಾತಿ ಹೆಣೆದುಕೊಂಡಿದೆ. ಸಾವಿನ ಮೈಲಿಗೆಯನ್ನು ಒಂದಷ್ಟು ಜನರ ಮೇಲೆ ಹೊರಿಸಿ, ಅವರ ಮಕ್ಕಳ ಮೇಲೂ ಹೊರಿಸಿ, ಊರ ಹೊರಗೆ ಇಟ್ಟ ಸಮಾಜ ನಮ್ಮದು. ಹಾಗಾಗಿ ತೆರೆಯ ಮೇಲೆ ಆ ಕೆಂಪು ಕಣ್ಣು ಕಂಡಾಗ ನನಗೆ ಅದು ಬರೀ ಹಾರರ್ ಅನಿಸುವುದಿಲ್ಲ.

ಇನ್ನೊಂದು ವಿಷಯ. ಅಮೆರಿಕದಲ್ಲಿರುವ ಹಾಗೆ ಹೆಣ ತೊಳೆಯುವುದರಿಂದ ಹೂಳುವವರೆಗೆ ಎಲ್ಲ ಮಾಡುವ ಅಂಗಡಿ ನಮ್ಮಲ್ಲಿ ಮೊನ್ನೆ ಮೊನ್ನೆಯವರೆಗೆ ಇರಲಿಲ್ಲ. ಸ್ನಾನ ಮಾಡಿಸುವುದು ಮನೆಯವರು. ಬಿದಿರು ತಂದು ಚಟ್ಟ ಕಟ್ಟುವುದು ಅಕ್ಕಪಕ್ಕದವರು. ತಮಟೆಯವರು ಬೇರೆ. ಗುಂಡಿ ತೋಡುವವರು, ಸೌದೆ ಒಟ್ಟುವವರು ಬೇರೆ. ಬಾಯಿಗೆ ಅಕ್ಕಿ ಹಾಕಿ, ಮಡಕೆ ಒಡೆದು, ಕೊಳ್ಳಿ ಇಟ್ಟು ಮಗ ಹಿಂದೆ ನೋಡದೆ ಹೊರಟುಬಿಡುತ್ತಾನೆ. ಆಮೇಲೆ ಅಲ್ಲಿ ಉಳಿಯುವುದು ಒಬ್ಬನೇ. ಬೆಂಕಿ ಆರದ ಹಾಗೆ ನೋಡಿಕೊಳ್ಳುವವನು. ನಾವು ಹಿಂದೆ ತಿರುಗಿ ನೋಡದೇ ಇದ್ದದ್ದಕ್ಕೇ ಅವನು ಏನು ಮಾಡುತ್ತಾನೆ ಅಂತ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಕಥೆ ಕಟ್ಟಿದ್ದೇವೆ. ಮಾಟ ಮಾಡುತ್ತಾನೆ, ತಲೆಬುರುಡೆ ಮಾರುತ್ತಾನೆ ಅಂತ.

ಆದರೆ ಕನ್ನಡಕ್ಕೆ ಇದಕ್ಕಿಂತ ದೊಡ್ಡ ಪರಂಪರೆ ಇದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯ! ಅಯೋಧ್ಯೆಯ ರಾಜ ಹರಿಶ್ಚಂದ್ರ, ಸುಡುಗಾಡಿನ ಒಡೆಯ ವೀರಬಾಹುವಿನ ಆಳಾಗಿ ಕಾಶಿಯ ಸುಡುಗಾಡು ಕಾಯುತ್ತಾನೆ. ಸತ್ತಿರುವುದು ತನ್ನ ಮಗ ಲೋಹಿತಾಶ್ವ, ಹೊತ್ತು ತಂದವಳು ಹೆಂಡತಿ ಚಂದ್ರಮತಿ. ಆದರೂ ಸುಡುವ ಶುಲ್ಕ ಕೇಳುತ್ತಾನೆ, ಯಾಕೆಂದರೆ ಅದು ಒಡೆಯನಿಗೆ ಸೇರಬೇಕಾದದ್ದು. ನಮ್ಮ ಇಡೀ ಸಾಹಿತ್ಯದಲ್ಲಿ ಸತ್ಯಕ್ಕೆ ಇನ್ನೊಂದು ಹೆಸರಾದ ಮನುಷ್ಯ ತನ್ನ ಸತ್ಯವನ್ನು ಉಳಿಸಿಕೊಂಡಿದ್ದು ಸುಡುಗಾಡಿನ ಕೆಲಸಗಾರನಾಗಿ. 1965ರ ಸತ್ಯ ಹರಿಶ್ಚಂದ್ರ ಸಿನಿಮಾದಲ್ಲಿ ಡಾ. ರಾಜ್ ಜೊತೆ ವೀರಬಾಹುವಾಗಿ ಎಂ. ಪಿ. ಶಂಕರ್ ಇದ್ದಾರೆ. ಕುಲದ ಮೇಲುಕೀಳನ್ನು ಪ್ರಶ್ನೆ ಮಾಡುವ ಆ ಪ್ರಸಿದ್ಧ ಹಾಡು ಸಿಕ್ಕಿದ್ದು ರಾಜನಿಗಲ್ಲ, ವೀರಬಾಹುವಿಗೆ. ಕುಣಿದು ಹಾಡುತ್ತಾನೆ. ಗತ್ತು ಇದೆ, ಸಂತೋಷ ಇದೆ. ಹೆದರಿಸುವುದಿಲ್ಲ.

ಅನಂತಮೂರ್ತಿಯವರ ಸಂಸ್ಕಾರ ತೆಗೆದುಕೊಳ್ಳಿ, ಅದೂ 1965ರದ್ದೇ. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಕೊಳೆಯುತ್ತಾ ಬಿದ್ದಿದೆ. ಯಾರು ಸುಡಬೇಕು ಅಂತ ಪಂಡಿತ ಪ್ರಾಣೇಶಾಚಾರ್ಯರು ಶಾಸ್ತ್ರ ಹುಡುಕುತ್ತಿದ್ದಾರೆ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಮೊದಲು ಒಬ್ಬ ಗಾಡಿಯವನನ್ನು ಕೇಳುತ್ತಾಳೆ, ಅವನು ಹೆದರಿ ಹಿಂದೆ ಸರಿಯುತ್ತಾನೆ. ಕೊನೆಗೆ ಮೀನು ವ್ಯಾಪಾರಿ ಅಹ್ಮದ್ ಬ್ಯಾರಿ ಗಾಡಿ ತಂದು, ಸೌದೆ ಹಾಕಿ, ರಾತ್ರಿಯಲ್ಲಿ ಸುಟ್ಟುಬಿಡುತ್ತಾನೆ. ಇಡೀ ಕಾದಂಬರಿ ಗೋಜಲಾಗಿ ಸುತ್ತುವ ಪ್ರಶ್ನೆಯನ್ನು ಅವನು ಹೆಚ್ಚು ಮಾತಿಲ್ಲದೆ ಮುಗಿಸುತ್ತಾನೆ. ಓದಿದವರು ಪ್ರಾಣೇಶಾಚಾರ್ಯರ ಬಗ್ಗೆ ಪುಟಗಟ್ಟಲೆ ಮಾತಾಡುತ್ತೇವೆ. ಬ್ಯಾರಿಯ ಬಗ್ಗೆ ಯಾರೂ ಮಾತಾಡಲ್ಲ.

ಇಷ್ಟೆಲ್ಲ ಇದ್ದೂ ಸಿನಿಮಾ ಹೋಗಿದ್ದು ಬೇರೆ ದಾರಿಗೆ. ತಮಿಳಿನ ಪಿತಾಮಗನ್ 2003ರಲ್ಲಿ ಬಂತು, 2007ರಲ್ಲಿ ನಮ್ಮಲ್ಲಿ ಅನಾಥರು ಆಯಿತು. ತಮಿಳಿನಲ್ಲಿ ವಿಕ್ರಮ್‌ಗೆ ರಾಷ್ಟ್ರಪ್ರಶಸ್ತಿ ಬಂತು, ಅಭಿನಯ ನಿಜಕ್ಕೂ ದೊಡ್ಡದು. ಆದರೆ ಸುಡುಗಾಡಿನಲ್ಲಿ ಬೆಳೆದವನು ಗುರುಗುಟ್ಟಬೇಕು, ಮಾತು ಬರಬಾರದು, ಪ್ರಾಣಿಯ ಹಾಗೆ ಇರಬೇಕು ಅನ್ನುವ ಕಲ್ಪನೆ ಇದೆಯಲ್ಲ, ಅದು ನನಗೆ ನೋವು ಕೊಡುತ್ತದೆ. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ಊರುಕೇರಿ ಓದಿ. ಶ್ರೀರಾಂಪುರದ ಸ್ಮಶಾನ ಅವರಿಗೆ ಹುಡುಗನಾಗಿದ್ದಾಗ ಓದುವ, ಬರೆಯುವ ಜಾಗ. ಮಾತು ಕಲಿತು ಕನ್ನಡಕ್ಕೇ ಹೊಸ ಮಾತು ಕೊಟ್ಟವರು ಅಂಥ ಜಾಗದಿಂದ ಬಂದಿದ್ದಾರೆ.


ಹಳೆಪುಸ್ತಕ:

ಅಹ್ಮದ್ ಬ್ಯಾರಿಯ ವಿಷಯ ಸರಿಯಾಗಿ ಹೇಳಿದಿರಿ. ಇವತ್ತೇ ಮತ್ತೆ ಓದುತ್ತೇನೆ.


ರಾತ್ರಿಪಾಳಿ:

ನಾನು ನರ್ಸ್. ಶವಾಗಾರದವರ ಜೊತೆ ಕೆಲಸ ಮಾಡಿದ್ದೇನೆ. ಸಿನಿಮಾದಲ್ಲಿ ಪೋಸ್ಟ್‌ಮಾರ್ಟಂ ಕೋಣೆ ಅಂದ ಕೂಡಲೇ ಹಳದಿ ಬಲ್ಬು ಮಿಣುಕುತ್ತದೆ, ಒಬ್ಬ ಕುಡಿದು ಬರುತ್ತಾನೆ, ದುಡ್ಡು ಕೇಳುತ್ತಾನೆ. ಇದರ ಬಗ್ಗೆ ನೇರವಾಗಿ ಮಾತಾಡೋಣ.

ಕೆಂಪು ಕಣ್ಣು ಸುಳ್ಳಲ್ಲ. ಕಾರಣ ಮಾತ್ರ ಬೇರೆ. ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ಕಣ್ಣು, ಮೂಗು, ಗಂಟಲನ್ನು ಉರಿಸುತ್ತದೆ. ಈರುಳ್ಳಿ ಹೆಚ್ಚಿದ ಹಾಗಲ್ಲ, ಅದಕ್ಕಿಂತ ಎಷ್ಟೋ ಕೆಟ್ಟ ಉರಿ. ಗಾಳಿ ಆಡದ ಕೋಣೆಯಲ್ಲಿ ದಿನವಿಡೀ ನಿಂತವರ ಕಣ್ಣು ಸಂಜೆಗೆ ಕೆಂಡವಾಗಿರುತ್ತದೆ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ಗಾಳಿ ಹೊರಗೆ ಎಳೆಯುವ ಫ್ಯಾನ್ ಕೆಟ್ಟು ತಿಂಗಳುಗಟ್ಟಲೆ ಹಾಗೇ ಇತ್ತು. ದಪ್ಪ ಗ್ಲೌಸ್ ಕೇಳಿದರೆ ತೆಳ್ಳನೆಯದು ಎರಡು ಜೊತೆ ಹಾಕಿಕೊಳ್ಳಿ ಅನ್ನುತ್ತಿದ್ದರು.

ಕುಡಿಯುವವರು ಇದ್ದಾರೆ, ನಾನು ಮುಚ್ಚಿಡುವುದಿಲ್ಲ. ನೀರಿನಲ್ಲಿ ವಾರ ಬಿದ್ದಿದ್ದ ದೇಹ, ರೈಲಿಗೆ ಸಿಕ್ಕ ದೇಹ, ಪುಟ್ಟ ಮಗು, ಇವೆಲ್ಲ ಒಂದೇ ದಿನ ಬಂದರೆ ಆ ಮನುಷ್ಯನನ್ನು ಕೂರಿಸಿ ಹೇಗಿದ್ದೀಯಪ್ಪ ಅಂತ ಕೇಳುವವರು ಯಾರೂ ಇಲ್ಲ. ಸಿನಿಮಾ ಬಾಟಲಿಯನ್ನು ತೋರಿಸುತ್ತದೆ. ಬಾಟಲಿಗೆ ಮುಂಚಿನ ಆ ಎಂಟು ಗಂಟೆ ತೋರಿಸುವುದಿಲ್ಲ.

ಇನ್ನು ಹಾರರ್‌ನವರಿಗೆ. ಹೆಣ ಹೊರಳಿಸಿದಾಗ ನರಳಿದ ಸದ್ದು ಬರುವುದುಂಟು. ಎದೆಯೊಳಗೆ ಉಳಿದ ಗಾಳಿ ಗಂಟಲಿನಿಂದ ಹೊರಗೆ ಬಂದಾಗ ಆಗುವ ಸದ್ದು. ಸತ್ತ ಮೇಲೆ ಉಗುರು, ಕೂದಲು ಬೆಳೆಯುವುದಿಲ್ಲ. ಚರ್ಮ ಒಣಗಿ ಹಿಂದೆ ಸರಿಯುವುದರಿಂದ ಹಾಗೆ ಕಾಣುತ್ತದೆ. ದೇಹ ಕೆಲವು ಗಂಟೆಯಲ್ಲಿ ಸೆಟೆದುಕೊಳ್ಳಲು ಶುರುವಾಗಿ ಸುಮಾರು 12 ಗಂಟೆಗೆ ಪೂರ್ತಿ ಗಟ್ಟಿಯಾಗುತ್ತದೆ, ಒಂದೆರಡು ದಿನದಲ್ಲಿ ಮತ್ತೆ ಸಡಿಲವಾಗುತ್ತದೆ. ಬಿಸಿಲ ನಾಡಿನಲ್ಲಿ ಇದೆಲ್ಲ ಬೇಗ ಬೇಗ. ಇದನ್ನೆಲ್ಲ ಗೊತ್ತುಮಾಡಿಕೊಂಡಿರುವವರು ಹೆದರುವುದಿಲ್ಲ. ಹೆದರದವರನ್ನು ಕಂಡರೆ ದಿಗಿಲು ಅಂದಿರಿ. ಅವರ ಧೈರ್ಯಕ್ಕೆ ಕಾರಣ ಕಲಿಕೆ.

ಒಂದು ದಿನ ನೋಡಿದ್ದು ಹೇಳುತ್ತೇನೆ. ಅಪಘಾತದಲ್ಲಿ ಹೋದ ಹುಡುಗಿ. ತಾಯಿ ಹೊರಗೆ ಕೂತಿದ್ದಾರೆ. ಅಟೆಂಡರ್ ಅಣ್ಣ ಹೊಲಿಗೆ ಮುಗಿಸಿ, ಹತ್ತಿಯನ್ನು ಬಿಸಿ ನೀರಿನಲ್ಲಿ ಅದ್ದಿ ಹುಬ್ಬಿನ ಮೇಲಿನ ರಕ್ತ ಒರೆಸಿದರು. ಜಡೆ ಬಿಚ್ಚಿಹೋಗಿತ್ತು. ಜಡೆ ಹಾಕಲು ಅವರಿಗೆ ಬರಲಿಲ್ಲ. ನನ್ನನ್ನು ಕರೆದರು. ನಾನು ಜಡೆ ಹಾಕಿದೆ, ಅವರು ಗಾಯವಿದ್ದ ಕಡೆಗೆ ಆ ಜಡೆ ಬರುವ ಹಾಗೆ ತಲೆ ತಿರುಗಿಸಿ ಇಟ್ಟರು. ಆಮೇಲೆ ತಾಯಿಯನ್ನು ಒಳಗೆ ಬಿಟ್ಟರು.


ಬಣ್ಣದಪೆಟ್ಟಿಗೆ:

ಮೇಡಂ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಧನ್ಯವಾದ.


ಟಾಕೀಸ್_ತುಮಕೂರು:

ಮೇಡಂ ಹೇಳಿದ್ದು ಓದಿದರೆ ಜಪಾನಿನ ಡಿಪಾರ್ಚರ್ಸ್ ಸಿನಿಮಾ ನೆನಪಾಗುತ್ತದೆ. 2008ರದ್ದು, ಮುಂದಿನ ವರ್ಷ ಆಸ್ಕರ್ ಬಂತು. ಕೆಲಸ ಕಳೆದುಕೊಂಡ ಸೆಲ್ಲೋ ವಾದಕ ಊರಿಗೆ ವಾಪಸು ಬರುತ್ತಾನೆ. ಪ್ರಯಾಣದ ಏಜೆನ್ಸಿ ಅಂದುಕೊಂಡು ಅರ್ಜಿ ಹಾಕಿದ ಕೆಲಸ, ಹೆಣವನ್ನು ಪೆಟ್ಟಿಗೆಗೆ ಸಿದ್ಧ ಮಾಡುವ ಕೆಲಸ ಆಗಿರುತ್ತದೆ. ಮನೆಯವರೆಲ್ಲ ಎದುರಿಗೆ ಕೂತಿರುತ್ತಾರೆ. ಅವರ ಮುಂದೆಯೇ ದೇಹವನ್ನು ಒರೆಸಿ ಬಟ್ಟೆ ಬದಲಿಸಬೇಕು, ಆದರೆ ಚರ್ಮ ಒಂದಿಷ್ಟೂ ಕಾಣಬಾರದು. ಹೊದಿಕೆಯ ಅಡಿಯಲ್ಲೇ ಕೈ ಆಡಿಸಿ ಹಳೆ ಬಟ್ಟೆ ಎಳೆಯುತ್ತಾರೆ, ಹೊಸದು ತೊಡಿಸುತ್ತಾರೆ. ಕ್ಯಾಮೆರಾ ಆ ಕೈಗಳನ್ನು ಬಿಟ್ಟು ಕದಲುವುದಿಲ್ಲ. ಹೆಂಡತಿಗೆ ವಿಷಯ ಗೊತ್ತಾದಾಗ ಮುಟ್ಟಬೇಡ, ಮೈಲಿಗೆ ಅಂತಾಳೆ. ಮುಂದೆ ಪರಿಚಯದ ಹೆಂಗಸು ಸತ್ತಾಗ ಅವನು ಕೆಲಸ ಮಾಡುವುದನ್ನು ಅವಳೇ ಕೂತು ನೋಡುತ್ತಾಳೆ. ಅವಳ ಮನಸ್ಸು ಬದಲಾಗುವುದು ಯಾರದೋ ಭಾಷಣದಿಂದ ಅಲ್ಲ, ಕೆಲಸ ನೋಡಿ.

ಹೊಂಗೆನೆರಳು ಹೇಳಿದ ಜಾತಿಯ ವಿಷಯವೂ ಅಲ್ಲಿ ಹೊಂದುತ್ತದೆ. ಸಾವಿನ ಕೆಲಸ, ಚರ್ಮದ ಕೆಲಸ ಮಾಡುವವರನ್ನು ಜಪಾನಿನಲ್ಲೂ ಬುರಾಕುಮಿನ್ ಅಂತ ಶತಮಾನಗಳ ಕಾಲ ದೂರ ಇಟ್ಟಿದ್ದರು.

2015ರ ಹಿಂದಿ ಮಸಾನ್ ಕೂಡ ನೋಡಿ. ಕಾಶಿಯ ಘಾಟಿನಲ್ಲಿ ಹೆಣ ಸುಡುವ ಡೋಮ್ ಮನೆತನದ ಹುಡುಗ. ಸಿವಿಲ್ ಎಂಜಿನಿಯರಿಂಗ್ ಓದುತ್ತಾನೆ, ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸುತ್ತಾನೆ. ಅವನು ಯಾರನ್ನೂ ಹೆದರಿಸುವುದಿಲ್ಲ. ಅವನಿಗೇ ಭಯ, ತನ್ನ ಮನೆ ಎಲ್ಲಿ ಅಂತ ಅವಳಿಗೆ ಹೇಳಲು.


ಕಡಲತಡಿ:

ನಮ್ಮ ಕರಾವಳಿ ಕಡೆ ಇದಕ್ಕೆ ಬೇರೆ ಮುಖ ಇದೆ. ಗಲ್ಫ್‌ನಲ್ಲಿ ತೀರಿಹೋದವರನ್ನು ಊರಿಗೆ ತರುವುದು. ಸಾವಿನ ಪತ್ರ, ಪೊಲೀಸರ ಒಪ್ಪಿಗೆ, ರಾಯಭಾರ ಕಚೇರಿಯ ಕಾಗದ, ಪಾಸ್‌ಪೋರ್ಟ್ ರದ್ದತಿ, ಎಂಬಾಮಿಂಗ್ ಸರ್ಟಿಫಿಕೇಟ್. ಇಷ್ಟಾದ ಮೇಲೆ ಪೆಟ್ಟಿಗೆ ವಿಮಾನದ ಕಾರ್ಗೋದಲ್ಲಿ ಬರುತ್ತದೆ. ಎಂಬಾಮಿಂಗ್ ಅಂದರೆ ರಕ್ತನಾಳದ ಮೂಲಕ ಔಷಧಿ ಹರಿಸಿ ದೇಹ ಕೆಡದ ಹಾಗೆ ಮಾಡುವುದು. ಅದು ಇಲ್ಲದಿದ್ದರೆ ತಾಯಿ ಮಗನ ಮುಖ ನೋಡುವ ಹಾಗಿಲ್ಲ. ಯುಎಇಯಲ್ಲಿ ಕೇರಳದ ಅಶ್ರಫ್ ತಾಮರಶ್ಶೇರಿ ಈ ಕೆಲಸವನ್ನು ಸೇವೆ ಅಂತ ಮಾಡಿಕೊಂಡು ಬಂದವರು, ಭಾರತ ಸರಕಾರ ಪ್ರವಾಸಿ ಭಾರತೀಯ ಸಮ್ಮಾನ್ ಕೊಟ್ಟಿದೆ. ನಮ್ಮ ಕಡೆ ಜನ ಅವರಂಥವರ ಹೆಸರನ್ನು ಕೈಮುಗಿದು ಹೇಳುತ್ತಾರೆ.

ಅಮೆರಿಕದಲ್ಲೂ ಎಂಬಾಮಿಂಗ್ ಬೆಳೆದಿದ್ದು ಇದೇ ಕಾರಣಕ್ಕೆ. 1861ರಿಂದ 65ರವರೆಗಿನ ಅಂತರ್ಯುದ್ಧದಲ್ಲಿ ಸತ್ತ ಸೈನಿಕರನ್ನು ದೂರದ ಊರಿಗೆ ಕಳಿಸಬೇಕಿತ್ತು. ಲಿಂಕನ್ ದೇಹವನ್ನು ಔಷಧಿ ಹಾಕಿಯೇ ರೈಲಿನಲ್ಲಿ ವಾಷಿಂಗ್ಟನ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಒಯ್ದರು. ಅಲ್ಲಿಯವರೆಗೆ ಅಲ್ಲೂ ನಮ್ಮ ಹಾಗೆಯೇ, ಮನೆಯ ಹೆಂಗಸರು ಹೆಣ ತೊಳೆಯುತ್ತಿದ್ದರು, ಊರಿನ ಬಡಗಿ ಪೆಟ್ಟಿಗೆ ಮಾಡುತ್ತಿದ್ದ. ಆಮೇಲೆ ಸಾವು ಮನೆಯ ಹಜಾರದಿಂದ ಅಂಗಡಿಯ ಒಳಕೋಣೆಗೆ ಹೋಯಿತು. ಮುಚ್ಚಿದ ಬಾಗಿಲ ಹಿಂದೆ ಏನಾಗುತ್ತದೋ ಅನ್ನುವ ದಿಗಿಲು ಆಗ ಶುರುವಾಗಿದ್ದು ಅಂತ ನನ್ನ ಅನಿಸಿಕೆ.


ಹಳೆಪುಸ್ತಕ:

ಅದಕ್ಕೆ ದುಡ್ಡಿನ ಅನುಮಾನವೂ ಸೇರಿತು. ದುಃಖದಲ್ಲಿದ್ದವರಿಗೆ ದುಬಾರಿ ಪೆಟ್ಟಿಗೆ ಮಾರುತ್ತಾರೆ ಅಂತ 1963ರಲ್ಲಿ ಜೆಸಿಕಾ ಮಿಟ್‌ಫರ್ಡ್ ಒಂದು ಪುಸ್ತಕವನ್ನೇ ಬರೆದಳು, ಅಮೆರಿಕದಲ್ಲಿ ದೊಡ್ಡ ಗದ್ದಲ ಆಯಿತು. 1984ರಲ್ಲಿ ಬೆಲೆಪಟ್ಟಿ ಕೊಡಲೇಬೇಕು ಅಂತ ನಿಯಮ ಬಂತು. ಹಾಗಾಗಿ ಎಲ್ಲ ಅನುಮಾನವೂ ಕಟ್ಟುಕಥೆ ಅನ್ನಲಾಗದು. ಎಡಿನ್‌ಬರೋದಲ್ಲಿ 1828ರಲ್ಲಿ ಬರ್ಕ್ ಮತ್ತು ಹೇರ್ 16 ಜನರನ್ನು ಕೊಂದು ಅಂಗರಚನೆ ಕಲಿಸುವ ಡಾಕ್ಟರಿಗೆ ಹೆಣ ಮಾರಿದ್ದರು. ಆದರೆ ನೋಡಿ, ಅವರಿಬ್ಬರೂ ಈ ಕಸುಬಿನವರಲ್ಲ. ಕೆಟ್ಟ ಹೆಸರು ಮಾತ್ರ ಹೆಣದ ಹತ್ತಿರ ಇದ್ದವರಿಗೆಲ್ಲ ಬಂತು.

ರಷ್ಯಾದ ಚೆಕಾಫ್ 1894ರಲ್ಲಿ ಬರೆದ ಒಂದು ಕಥೆ ಹೇಳದೆ ಇರಲಾರೆ. ಶವಪೆಟ್ಟಿಗೆ ಮಾಡುವ ಯಾಕೊವ್. ಯಾವಾಗಲೂ ನಷ್ಟದ ಲೆಕ್ಕ. ಹೆಂಡತಿ ಮಾರ್ಫಾ ಇನ್ನೂ ಉಸಿರಾಡುತ್ತಿರುವಾಗಲೇ ಕಬ್ಬಿಣದ ಅಳತೆಕೋಲು ತಂದು ಅವಳ ಅಳತೆ ತೆಗೆಯುತ್ತಾನೆ. ಪೆಟ್ಟಿಗೆ ಮಾಡಿ ಪುಸ್ತಕದಲ್ಲಿ ಬರೆಯುತ್ತಾನೆ, ಮಾರ್ಫಾ ಇವಾನೊವಾಳ ಪೆಟ್ಟಿಗೆ, 2 ರೂಬಲ್ 40 ಕೊಪೆಕ್. ಇದಕ್ಕಿಂತ ಭಯಂಕರ ದೃಶ್ಯ ಯಾವ ಹಾರರ್‌ನಲ್ಲೂ ನಾನು ಓದಿಲ್ಲ. ಆದರೆ ಅದೇ ಕಥೆಯ ಕೊನೆಗೆ ಅವನು ತನ್ನ ಪಿಟೀಲನ್ನು ತಾನೇ ಹಿಂಸಿಸಿದ್ದ ಒಬ್ಬ ಬಡ ಯಹೂದಿ ವಾದಕನಿಗೆ ಬಿಟ್ಟು ಹೋಗುತ್ತಾನೆ. ನಾವು ಅವನಿಗಾಗಿ ಅಳುತ್ತೇವೆ. ಕಗ್ಗತ್ತಲು ಅವರೇ, ಪಾತ್ರ ಒಳ್ಳೆಯವನೇ ಆಗಬೇಕು ಅಂತ ಇಲ್ಲ. ಒಳಗೊಂದು ಬದುಕು ಇರಬೇಕು.


ಕಗ್ಗತ್ತಲು:

ಈ ಮಾತು ಒಪ್ಪಿದೆ. ಆದರೂ ನನ್ನ ನಿಲುವು ಪೂರ್ತಿ ಬಿಡುವುದಿಲ್ಲ. ಸುಡುಗಾಡು ಇರುವ ಭಯದ ಕಥೆ ನನಗೆ ಬೇಕು, ಬರೆಯುವವರು ಬರೆಯಲಿ. ಪುಷ್ಕಿನ್ ಮಾಡಿದ ಹಾಗೆ ಭಯ ಆ ಕೆಲಸಗಾರನಿಗೂ ಆಗಲಿ, ಅವನ ಕಣ್ಣಿಂದಲೇ ನಮಗೆ ಕಾಣಲಿ. ಅವನೇ ಭೂತ ಆಗುವುದು ಸೋಮಾರಿತನದ ಬರವಣಿಗೆ, ಅದನ್ನು ಹಾರರ್ ಓದುವವನಾಗಿಯೇ ಹೇಳುತ್ತೇನೆ.


ಬಿಳಿದಾಸವಾಳ:

ಇಷ್ಟು ದಿನ ಈ ಗುಂಪಿನಲ್ಲಿ ಸುಮ್ನೆ ಓದುತ್ತಿದ್ದೆ. ಇದಕ್ಕೆ ಬರೆಯಲೇಬೇಕು ಅನಿಸಿತು. ನಮ್ಮಪ್ಪ ಬೆಂಗಳೂರಿನ ಒಂದು ಚಿತಾಗಾರದಲ್ಲಿ ಕೆಲಸ ಮಾಡುತ್ತಾರೆ. ಬಣ್ಣದಪೆಟ್ಟಿಗೆ ಸರ್, ನಿಮ್ಮ ಪಾತ್ರಕ್ಕೆ ಕೆಲವು ವಿಷಯ ಹೇಳುತ್ತೇನೆ.

ಅಪ್ಪ ಅಲ್ಲಿ ಗೊಗ್ಗರು ದನಿಯಲ್ಲಿ ಮಾತಾಡುವುದಿಲ್ಲ. ಮನೆಗಿಂತ ಮೆಲ್ಲಗೆ ಮಾತಾಡುತ್ತಾರೆ. ಬಾಡಿ ಬಂದ ಕೂಡಲೇ ಮೊದಲು ಕೇಳುವುದು ಕಾಗದ. ಆಮೇಲೆ, ಎದೆಯಲ್ಲಿ ಪೇಸ್‌ಮೇಕರ್ ಇದೆಯಾ ಅಂತ. ಅದು ಬೆಂಕಿಯಲ್ಲಿ ಸಿಡಿಯುತ್ತದೆ, ಕುಲುಮೆಗೂ ಏಟು, ನಿಂತವರಿಗೂ ಅಪಾಯ. ಓಲೆ, ಮೂಗುತಿ, ತಾಳಿ ಇದ್ದರೆ ಮನೆಯವರ ಕೈಯಲ್ಲೇ ತೆಗೆಸುತ್ತಾರೆ, ತಾವು ಮುಟ್ಟುವುದಿಲ್ಲ. ನಾಳೆ ಯಾರೂ ಒಂದು ಮಾತು ಅನ್ನಬಾರದು ಅಂತ. ಒಳಗೆ ಕಳಿಸುವ ಮುಂಚೆ, ನೋಡುವವರು ಯಾರಾದರೂ ಇದ್ದೀರಾ, ಬನ್ನಿ ಅಂತ ಒಂದು ಸಲ ಕರೆಯುತ್ತಾರೆ. ಗಡಿಬಿಡಿಯಲ್ಲಿ ಹಿಂದೆ ಉಳಿದ ಅಜ್ಜಿಯೋ, ಮೊಮ್ಮಗಳೋ ಯಾವಾಗಲೂ ಒಬ್ಬರು ಇರುತ್ತಾರೆ ಅಂತಾರೆ ಅಪ್ಪ.

ಕುಲುಮೆಯ ಬಿಸಿ 800 ಡಿಗ್ರಿಗೂ ಮೇಲೆ. ಹತ್ತಿರ ಹತ್ತಿರ ಒಂದೂವರೆ ಗಂಟೆ. ಶಾಖಕ್ಕೆ ಸ್ನಾಯು ಬಿಗಿದು ಕೈಕಾಲು ಮಡಚಿಕೊಳ್ಳುತ್ತದೆ, ಅದನ್ನೇ ಜನ ಹೆಣ ಎದ್ದು ಕೂರುತ್ತದೆ ಅಂತಾರೆ. ಮುಗಿದ ಮೇಲೆ ಉದ್ದ ಹಿಡಿಕೆಯ ಕಬ್ಬಿಣದ ಕೋಲಿನಿಂದ ಎಳೆದು, ಆರಿಸಿ, ಮಡಕೆಗೆ ತುಂಬಿ, ಹೆಸರು ಬರೆದು ಇಡುತ್ತಾರೆ. ಒಬ್ಬರದ್ದು ಇನ್ನೊಬ್ಬರ ಜೊತೆ ಬೆರೆಯಬಾರದು. ಅಪ್ಪನಿಗೆ ಇಡೀ ಕೆಲಸದಲ್ಲಿ ಜಾಸ್ತಿ ಭಯ ಅಂದರೆ ಇದೊಂದೇ, ಹೆಸರು ತಪ್ಪುವುದು.

ಮನೆಗೆ ಬಂದರೆ ಹಿತ್ತಲಲ್ಲೇ ಸ್ನಾನ, ಬಟ್ಟೆ ಹೊರಗೇ ನೆನೆಸುತ್ತಾರೆ. ನಾವು ಹೇಳಿಲ್ಲ, ಅವರದೇ ನಿಯಮ. ಶಾಲೆಯಲ್ಲಿ ಅಪ್ಪ ಏನು ಕೆಲಸ ಅಂದರೆ ಸರ್ಕಾರಿ ಕೆಲಸ ಅನ್ನುತ್ತಿದ್ದೆ. ಗೊತ್ತಾದ ಮೇಲೆ ಒಬ್ಬ ಗೆಳತಿ ನನ್ನ ಡಬ್ಬಿಯಿಂದ ತಿನ್ನುವುದು ಬಿಟ್ಟಳು. ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಯಾರೂ ಇಲ್ಲ. ಅವಳೂ ಸಿನಿಮಾ ನೋಡಿದ್ದಳು, ಅವಳ ಮನೆಯವರೂ ನೋಡಿದ್ದರು.

2021ರ ಏಪ್ರಿಲ್, ಮೇ, ಕೊರೊನಾದ ಎರಡನೇ ಅಲೆ. ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು. ಸಾಲದು ಅಂತ ತಾವರೆಕೆರೆ, ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲಿ ಸೌದೆ ಒಟ್ಟಿ ಸುಟ್ಟರು. ಅಪ್ಪ ಕುಲುಮೆಯ ಎದುರು ಪಿಪಿಇ ಕಿಟ್ ಹಾಕಿಕೊಂಡು ನಿಲ್ಲುತ್ತಿದ್ದರು. ಬಿಚ್ಚಿದರೆ ಒಳಗಿನ ಬನಿಯನ್‌ನಿಂದ ನೀರು ಹಿಂಡಬಹುದಿತ್ತು. ಮನೆಯವರು ಹತ್ತಿರ ಬರುವ ಹಾಗಿಲ್ಲ. ಕೆಲವರು ದೂರದಿಂದ ಹೂವಿನ ಪೊಟ್ಟಣ ಎಸೆದು, ಅಣ್ಣಾ ಇದೊಂದು ಇಟ್ಟುಬಿಡಿ ಅನ್ನುತ್ತಿದ್ದರಂತೆ. ಇಟ್ಟಿದ್ದಾರೆ. ಯಾರ ಹೆಸರಲ್ಲಿ ಯಾವ ದೇವರನ್ನು ಕರೆಯಬೇಕು ಅಂತ ಕೇಳಿ, ಅದನ್ನೇ ಕರೆದಿದ್ದಾರೆ. ಆಗಲೂ ಸಂಬಳ ತಿಂಗಳುಗಟ್ಟಲೆ ಬಾಕಿ ಇತ್ತು.

ಆಮೇಲೆ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದಾಗ ಈ ಕೆಲಸಗಾರರನ್ನು ಸತ್ಯ ಹರಿಶ್ಚಂದ್ರ ಬಳಗ ಅಂತ ಕರೆಯುವುದಾಗಿ ಹೇಳಿದರು. ಅಪ್ಪ ಅದನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಹೆಸರು ಅವರಿಗೆ ನಿಜಕ್ಕೂ ಖುಷಿ ಕೊಟ್ಟಿದೆ.


ಹೊಂಗೆನೆರಳು:

ತಂಗೀ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಒಂದು ಕೇಳಬಹುದಾ? ಆ ವರ್ಷ ಯಾರೂ ತೆಗೆದುಕೊಂಡು ಹೋಗದ ಬೂದಿಯ ಮಡಕೆಗಳು ಏನಾದವು?


ಬಿಳಿದಾಸವಾಳ:

ತುಂಬಾ ದಿನ ಕಾಯ್ದಿಟ್ಟರು ಅಕ್ಕ. ಕೆಲವರು ತಿಂಗಳ ಮೇಲೆ ಬಂದು ಒಯ್ದರು, ಮನೆಯವರೂ ಆಸ್ಪತ್ರೆಯಲ್ಲಿದ್ದವರು ಅವರು. ಯಾರೂ ಬಾರದವರದನ್ನು, 500ಕ್ಕೂ ಹೆಚ್ಚು ಜನರ ಅಸ್ಥಿಯನ್ನು, 2021ರ ಜೂನ್‌ನಲ್ಲಿ ಸರ್ಕಾರದ ಕಡೆಯಿಂದ ಮಳವಳ್ಳಿ ತಾಲೂಕಿನ ಬೆಳಕವಾಡಿ ಹತ್ತಿರ ಕಾವೇರಿಯಲ್ಲಿ ಬಿಟ್ಟರು.


ಬಣ್ಣದಪೆಟ್ಟಿಗೆ:

ನನ್ನ ಕಲಾವಿದ ಒಂದು ದಿನ ನಿಮ್ಮ ತಂದೆಯವರ ಜೊತೆ ಇದ್ದು ಕೆಲಸ ನೋಡಬಹುದಾ? ಅವರಿಗೆ ಅಭ್ಯಂತರ ಇಲ್ಲದಿದ್ದರೆ ಮಾತ್ರ.


ಬಿಳಿದಾಸವಾಳ:

ಅಪ್ಪನನ್ನು ಕೇಳಿದೆ. ಬರಲಿ ಅಂದರು. ಬೆಳಗ್ಗೆ ಬೇಗ ಬರಲಿ, ಹತ್ತರ ಮೇಲೆ ಜನ ಜಾಸ್ತಿ ಆಗುತ್ತದೆ, ಮಾತಾಡಲು ಪುರುಸೊತ್ತಿರಲ್ಲ. ಕ್ಯಾಮೆರಾ, ಮೊಬೈಲ್ ಹೊರಗೆ ತೆಗೆಯಬಾರದು, ಅಲ್ಲಿ ಬಂದವರು ಅಳುತ್ತಿರುತ್ತಾರೆ. ತಿಂಡಿ ತಿಂದೇ ಬರಲಿ, ಯಾಕೆಂದರೆ ಮಧ್ಯಾಹ್ನದವರೆಗೆ ಕೂರಲು ಆಗುವುದಿಲ್ಲ. ಮತ್ತೆ ಒಂದು ಕೇಳಿದರು, ಆ ಹುಡುಗ ಸ್ಟ್ರೆಚರ್ ತಳ್ಳಲು ಒಂದು ಕೈ ಹಿಡಿಯುತ್ತಾನಾ, ಇಲ್ಲ ದೂರ ನಿಂತು ನೋಡುತ್ತಾನಾ ಅಂತ. ಕೈ ಹಿಡಿಯುವುದಾದರೆ ಗ್ಲೌಸ್ ಅಪ್ಪನೇ ಕೊಡುತ್ತಾರೆ.


ಬಣ್ಣದಪೆಟ್ಟಿಗೆ:

ಕೈ ಹಿಡಿಯುತ್ತಾನೆ. ನಾನೂ ಬರುತ್ತೇನೆ.